ಯೇಲಾಳ ಮಗ ಸ್ಟಾಂಕೊ

ಒಮಾನಿನ ಸಲಾಲಾದ ನೀರಿನ ಪ್ರಯೋಗಾಲಯವೊಂದರಲ್ಲಿ ನಾನು ಹದಿಮೂರು ವರ್ಷ ಕೆಮಿಸ್ಟ್ ಆಗಿದ್ದೆ. ಬುಗ್ಗೆ, ಬಾವಿ, ಬೋರ್‌ವೆಲ್‌ಗಳ ನೀರು ಬಾಟಲಿಗಳಲ್ಲಿ ಬರುತ್ತಿತ್ತು. ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆದು, ಹಾಳೆ ತುಂಬಿಸಿ, ಕೆಳಗೆ ಸಹಿ ಹಾಕುವುದು ನನ್ನ ಕೆಲಸ. ಸಹಿಗೆ ಮೊದಲು ಒಂದು ಪರೀಕ್ಷೆ ಇದೆ. ನೀರಿನಲ್ಲಿ ಕರಗಿದ ಧನ ಅಯಾನುಗಳ ಮೊತ್ತ ಋಣ ಅಯಾನುಗಳ ಮೊತ್ತಕ್ಕೆ ಸರಿಹೊಂದಬೇಕು. ನೂರಕ್ಕೆ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ, ಮೊದಲಿನಿಂದ ಮಾಡಬೇಕು. ಸರಿಹೊಂದಿದರೆ ಸಹಿ ಹಾಕಬೇಕು. ಆ ಹದಿಮೂರು ವರ್ಷಗಳಲ್ಲಿ ನಾನು ಪರಿಶೀಲಿಸಿಯೂ ಸಹಿ ಹಾಕದೆ ಬಿಟ್ಟ ಹಾಳೆ ಒಂದೇ ಒಂದು. ಅದು ನೀರಿನದ್ದಲ್ಲ, ಒಂದು ವಂಶವೃಕ್ಷ.

ರಾದೊವಾನ್ ಬಂದದ್ದು 1986ರ ಜನವರಿಯಲ್ಲಿ. ಯುಗೊಸ್ಲಾವಿಯಾದ ಗುಡ್ಡಗಾಡಿನವನು, ಅಂತರ್ಜಲದಲ್ಲಿ ಡಾಕ್ಟರೇಟ್ ಮಾಡಿದ ತಜ್ಞ, ನಮ್ಮವರ ಬಾಯಲ್ಲಿ ಡಾಕ್ಟ್ರು, ನನಗಿಂತ ಹತ್ತು ವರ್ಷ ದೊಡ್ಡವನು. ಮಳೆಗಾಲದ ಮೂರು ತಿಂಗಳು ಸಲಾಲಾದ ಹಿಂದಿನ ಬೆಟ್ಟಗಳ ಮೇಲೆ ಮೋಡ ಕೂತು ತುಂತುರು ಹನಿಯುತ್ತದಲ್ಲ, ಆ ನೀರು ಸುಣ್ಣಕಲ್ಲಿನೊಳಗೆ ಇಳಿದು ಎಷ್ಟು ಕಾಲಕ್ಕೆ ಬುಗ್ಗೆಯಾಗಿ ಹೊರಬರುತ್ತದೆ ಎಂದು ಕಂಡುಹಿಡಿಯುವುದು ಅವನ ಕೆಲಸ. ತಿಂಗಳಿಗೆ ಎರಡು ಸಲ ಅವನೂ ನಾನೂ ಜೀಪಿನಲ್ಲಿ ಬೆಟ್ಟ ಹತ್ತುತ್ತಿದ್ದೆವು. ಜೀಪು ಓಡಿಸುವವನು ಯೂಸುಫ್, ಆ ಬೆಟ್ಟದಲ್ಲೇ ಹುಟ್ಟಿದವನು.

ಬುಗ್ಗೆಯ ಬಳಿ ಕೂತು ನಾನು ಬಾಟಲಿಗಳನ್ನು ಅದೇ ನೀರಿನಲ್ಲಿ ಮೂರು ಮೂರು ಸಲ ತೊಳೆಯುತ್ತಿದ್ದರೆ ರಾದೊವಾನ್ ತನ್ನ ಕುಲದ ಕಥೆ ಹೇಳುತ್ತಿದ್ದ. ಆ ಕುಲಕ್ಕೆ ಯಾವೋರಿಚಿ ಎಂದು ಹೆಸರು. ಮೂಲಪುರುಷ ಯಾವೋರ್, ಅದು ಅವನ ಹುಟ್ಟುಹೆಸರಲ್ಲ. ಐನೂರು ವರ್ಷಗಳ ಹಿಂದೆ ತುರ್ಕರ ಸೈನ್ಯ ಬಯಲುಸೀಮೆಯನ್ನು ಹಿಡಿದಾಗ ಅವನು ಹೆಂಡತಿಯನ್ನೂ ಹನ್ನೊಂದು ಕುರಿಗಳನ್ನೂ ಒಂದು ತಾಮ್ರದ ಕೊಪ್ಪರಿಗೆಯನ್ನೂ ಕಟ್ಟಿಕೊಂಡು ಬೆಟ್ಟಕ್ಕೆ ಓಡಿದ. ಮೊದಲ ಚಳಿಗಾಲವನ್ನು ಒಂದು ಮೇಪಲ್ ಮರದ ಪೊಟರೆಯೊಳಗೆ ಕಳೆದ. ಅವರ ಭಾಷೆಯಲ್ಲಿ ಆ ಮರ ಯಾವೋರ್; ಮರದ ಹೆಸರೇ ಮನುಷ್ಯನಿಗೆ ಅಂಟಿತು. ಬೆಟ್ಟದಲ್ಲಿ ಮೊದಲೇ ಇದ್ದ ಕುರಿಗಾಹಿಗಳು, ನಿನ್ನ ಟಗರಿನ ಕೊರಳ ಗಂಟೆ ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗಿನ ಹುಲ್ಲು ನಿನ್ನದು ಎಂದರು. ಯಾವೋರ್ ಆ ದಿನವೇ ಕೊಪ್ಪರಿಗೆಯನ್ನು ಒಡೆದು ಕರಗಿಸಿ ಗಂಟೆ ಮಾಡಿದ. ಟಗರಿಗೆ ತಲೆ ಎತ್ತಲಾಗುತ್ತಿರಲಿಲ್ಲವಂತೆ, ಆದರೆ ಗಂಟೆ ಮೂರು ಕಣಿವೆಗೆ ಕೇಳಿಸಿತು.

"ನೋಡು ಭೋಜ್, ನಮ್ಮ ಕುಲದ ಮೊದಲ ಕೆಲಸವೇ ಒಂದು ಮೋಸ," ಎಂದು ಅವನು ಪ್ರತಿ ಸಲವೂ ನಗುತ್ತಿದ್ದ.

ಯಾವೋರನಿಗೆ ಮೂವರು ಗಂಡುಮಕ್ಕಳು: ವುಕ್, ಲೂಕಾ, ಸ್ಟಾಂಕೊ. ಯೇಲಾ ಎಂಬ ಒಬ್ಬಳು ಮಗಳು. ಅವಳ ಬಗ್ಗೆ ಕಥೆಯಲ್ಲಿ ಹೆಚ್ಚೇನೂ ಇರಲಿಲ್ಲ, ನೀರು ತರುತ್ತಿದ್ದಳು ಎನ್ನುವುದನ್ನು ಬಿಟ್ಟರೆ. ಮೂವರಿಂದ ಮೂರು ಕವಲುಗಳು. ಇಡೀ ಕುಲ ಒಂದೇ ರಕ್ತವಾದ್ದರಿಂದ ಒಳಗೊಳಗೆ ಮದುವೆ ಇಲ್ಲ. ಎಲ್ಲರಿಗೂ ಒಬ್ಬನೇ ಸಂತ, ಸಂತ ಜಾರ್ಜ್. ಮೇ ಆರರಂದು ಮನೆಮನೆಯಲ್ಲೂ ಅವನ ಹಬ್ಬ. ಹಿರಿಯ ಮಕ್ಕಳು ಬೇರೆ ಮನೆ ಕಟ್ಟಿಕೊಂಡು ಹೋದರೆ ಕಿರಿಯನಿಗೆ ಮೂಲಮನೆಯ ಒಲೆ. ರಾದೊವಾನ್ ಸ್ಟಾಂಕೊನ ಕವಲಿನವನು. ಯಾವೋರನ ಒಲೆಯ ಕಲ್ಲು ಇವತ್ತಿಗೂ ತನ್ನ ಅಪ್ಪನ ಮನೆಯಲ್ಲಿದೆ ಎಂದು ಹೇಳುವಾಗ ಅವನ ಬೆನ್ನು ನೇರವಾಗುತ್ತಿತ್ತು. ತಲೆಮಾರಿಗೆ ಅವರ ಭಾಷೆಯಲ್ಲಿ ಮಂಡಿ ಎನ್ನುತ್ತಾರೆ. ಮಗು ಅಜ್ಜನ ಮಂಡಿಯ ಮೇಲೆ ಕೂತು ಹಿಂದಿನ ಮಂಡಿಗಳನ್ನು ಒಂದೊಂದಾಗಿ ಒಪ್ಪಿಸಬೇಕು. ಅವನು ಹದಿನಾಲ್ಕು ಒಪ್ಪಿಸುತ್ತಿದ್ದ, ಒಂದೂ ತಪ್ಪದೆ.

ಮನೆ ಅಳಿಯನಾಗಿ ಬಂದವನಿಗೆ ಅಲ್ಲಿ ಬೆಲೆ ಇಲ್ಲವೆಂದೂ ಅವನೇ ಹೇಳಿದ್ದ. ಹಬ್ಬದ ಊಟಕ್ಕೆ ಅವನನ್ನು ಬಾಗಿಲ ಬಳಿ ಕೂರಿಸುತ್ತಾರೆ. ಅವನ ಮಕ್ಕಳನ್ನು ಅಪ್ಪನ ಹೆಸರಿನಿಂದಲ್ಲ, ತಾಯಿಯ ಹೆಸರಿನಿಂದ ಕರೆಯುತ್ತಾರೆ, ಮತ್ತು ಅದು ಬೈಗುಳ. ಇದನ್ನು ನನಗೆ ಎರಡು ಸಲ ಹೇಳಿದ್ದ. ಎರಡು ಸಲ ಎಂದು ನಾನು ಏಕೆ ಬರೆಯುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಇನ್ನೊಂದು ಪದ್ಧತಿಯನ್ನು ಒಂದೇ ಸಲ ಹೇಳಿದ. ರಕ್ತ ಬೇರೆಯಾದ ಇಬ್ಬರು ಗಂಡಸರು, ಸಂತ ಜಾರ್ಜನ ದಿನ, ಮೇಣದ ಬತ್ತಿಯ ಎದುರು ಒಬ್ಬರನ್ನೊಬ್ಬರು ತಮ್ಮ ಎಂದೋ ಅಣ್ಣ ಎಂದೋ ಕರೆದುಬಿಟ್ಟರೆ ಸಾಕು, ಅಂದಿನಿಂದ ಅವರು ಸೋದರರು. ಇಡೀ ಕುಲ ಅದನ್ನು ಒಪ್ಪಬೇಕು. ಹೇಳಿ ಮುಗಿಸಿ ಬಾಟಲಿಗಳ ಪೆಟ್ಟಿಗೆಯ ಇನ್ನೊಂದು ಹಿಡಿ ಎತ್ತಿಕೊಂಡು, "ಯಾವುದಾದರೂ ಒಂದು ವರ್ಷ ನಾವೂ ನೋಡೋಣ, ಭೋಜ್," ಎಂದ.

ಅದು 1987ರ ಮಾರ್ಚ್. ಅಲ್ಲಿಂದ ನಾನು ಮೇ ತಿಂಗಳುಗಳನ್ನು ಕಾಯತೊಡಗಿದೆ.

ಮರುವರ್ಷದ ಮಳೆಯಲ್ಲಿ ಒಂದು ದಿನ ಜೀಪು ಕೆಸರಿನಲ್ಲಿ ಹೂತುಹೋಯಿತು. ಮೂವರೂ ಒಂದು ಬಂಡೆಯ ಅಡಿಗೆ ಸೇರಿದೆವು. ಯೂಸುಫ್ ತನ್ನ ಹಿರಿಯರ ಹೆಸರುಗಳನ್ನು ಹೇಳಿದ: ಇವನ ಮಗ, ಅವನ ಮಗ, ಒಂಬತ್ತು. ರಾದೊವಾನ್ ತನ್ನ ಹದಿನಾಲ್ಕನ್ನು ಹೇಳಿದ. ಇಬ್ಬರೂ ಒಂದೇ ಊರಿನವರಂತೆ ಬೆನ್ನು ತಟ್ಟಿಕೊಂಡರು.

"ನಿನ್ನದು ಹೇಳು, ಸದೀಕ್, ದೋಸ್ತ್," ಎಂದು ಯೂಸುಫ್ ತನ್ನ ಹರಕು ಹಿಂದಿಯಲ್ಲಿ ನನ್ನ ಕಡೆ ತಿರುಗಿದ.

ನಾವು ತುಳುನಾಡಿನವರು, ನಮ್ಮ ಬರಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ. ಮನೆ, ದೈವ, ಸೂತಕ, ಎಲ್ಲವೂ ತಾಯಿಯ ಕಡೆಯಿಂದ. ಅಪ್ಪನ ಅಪ್ಪನ ಹೆಸರು ಗೊತ್ತಿತ್ತು, ಅವನ ಅಪ್ಪನದ್ದು ಗೊತ್ತಿರಲಿಲ್ಲ. ಹಾಗಾಗಿ ಗೊತ್ತಿದ್ದದ್ದನ್ನು ಹೇಳಿದೆ: ತಾಯಿ ಸುಂದರಿ, ಅವಳ ತಾಯಿ ದೇಯಿ, ಅವಳ ತಾಯಿ ಅಕ್ಕು. ಮೂರು.

ಯೂಸುಫ್ ತಲೆ ತಗ್ಗಿಸಿ ಚಪ್ಪಲಿಯ ಕೆಸರು ಕೆರೆಯತೊಡಗಿದ. ತಾಯಿಯ ಹೆಸರನ್ನು ಅವರಲ್ಲಿ ಹೊರಗಿನವರೆದುರು ಎತ್ತುವುದಿಲ್ಲ. ನನ್ನ ಪರವಾಗಿ ಅವನಿಗೇ ನಾಚಿಕೆಯಾಗಿತ್ತು. ರಾದೊವಾನ್ ಮಾತ್ರ ಗಟ್ಟಿಯಾಗಿ ನಕ್ಕ.

"ಗಂಡಸರು ಎಲ್ಲಿ ಹೋದರು, ಭೋಜ್? ನಿಮ್ಮ ಕುಲದಲ್ಲಿ ಎಲ್ಲರೂ ಮನೆ ಅಳಿಯಂದಿರೇ?"

ನಾನೂ ನಕ್ಕೆ. ಕೆಟ್ಟ ಮನಸ್ಸಿನಿಂದ ಅವನು ಹೇಳಿದ್ದಲ್ಲ. ಆದರೆ ಆ ಹದಿನಾಲ್ಕು ಹೆಸರುಗಳ ಮೇಲೆ ನನಗೆ ಹೊಟ್ಟೆಕಿಚ್ಚು ಶುರುವಾದದ್ದು ಆ ಬಂಡೆಯ ಅಡಿಯಲ್ಲಿ.

ಆ ವರ್ಷದ ಕೊನೆಗೆ ಅವನು ಕುಲದ ಇತಿಹಾಸವನ್ನು ಬರೆಯಲು ಕೂತ. ಮೊದಲು ಇಂಗ್ಲಿಷಿನಲ್ಲಿ ಬರೆದು, ಆಮೇಲೆ ತನ್ನ ಭಾಷೆಗೆ ಮಾಡಿಕೊಳ್ಳುವ ಯೋಚನೆ; ಕುಲದ ಬಹಳ ಮಂದಿ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿದ್ದರು. ಇಂಗ್ಲಿಷ್ ತಿದ್ದಲು ನನಗೆ ಕೊಟ್ಟ. ನಾನು ಪ್ರತಿ ಪುಟವನ್ನೂ ಮೂರು ಸಲ ಓದುತ್ತಿದ್ದೆ. ಮನೆಗೂ ತರುತ್ತಿದ್ದೆ.

"ಇದರಲ್ಲಿ ನಮ್ಮ ಹೆಸರು ಎಲ್ಲಾದರೂ ಉಂಟಾ?" ಎಂದು ನನ್ನ ಹೆಂಡತಿ ವಸಂತಿ ಒಮ್ಮೆ ಇಣುಕಿ ಕೇಳಿದಳು.

"ಬರುತ್ತದೆ," ಎಂದೆ. ನನ್ನ ಮನಸ್ಸಿನಲ್ಲಿ ಮೇ ತಿಂಗಳಿತ್ತು.

ಕ್ಯಾಸ್ಮಿರ್ ಇದರೊಳಗೆ ಬಂದದ್ದು ಹೀಗೆ. ವಂಶವೃಕ್ಷವನ್ನು ದೊಡ್ಡ ಹಾಳೆಯಲ್ಲಿ ಅಂದವಾಗಿ ಬರೆಸಬೇಕಿತ್ತು. ನಮ್ಮ ಆಫೀಸಿನ ಡ್ರಾಫ್ಟ್ಸ್‌ಮನ್ ಕ್ಯಾಸ್ಮಿರ್, ಉಡುಪಿ ಕಡೆಯ ಕೊಂಕಣಿ ಕ್ರೈಸ್ತ, ನನಗಿಂತ ಆರು ವರ್ಷ ಚಿಕ್ಕವನು. ಟ್ರೇಸಿಂಗ್ ಫಿಲ್ಮ್ ಮೇಲೆ ಅವನು ಇಂಕಿನಲ್ಲಿ ಎಳೆದ ಗೆರೆ ಕೂದಲಿನಷ್ಟು ಸಣ್ಣ, ಎಲ್ಲೂ ನಡುಗುವುದಿಲ್ಲ. ಅವನನ್ನು ರಾದೊವಾನನಿಗೆ ಪರಿಚಯಿಸಿದ್ದು ನಾನೇ.

ಆ ಕೆಲಸಕ್ಕೆಂದು ರಾದೊವಾನ್ ಒಂದು ಶುಕ್ರವಾರ ಕ್ಯಾಸ್ಮಿರನ ಮನೆಗೆ ಹೋದ. ಕ್ಯಾಸ್ಮಿರನ ಹೆಂಡತಿ ಗ್ರೆಟ್ಟಾ ಸಣ್ಣಾ ಎಂಬ ಮೆತ್ತನೆಯ ಇಡ್ಲಿ ಮತ್ತು ಕೋಳಿ ಸಾರು ಬಡಿಸಿದಳು. ಮುಂದಿನ ಶುಕ್ರವಾರವೂ ಹೋದ. ಮೂರು ವರ್ಷಗಳಲ್ಲಿ ನಮ್ಮ ಮನೆಗೆ ನಾಲ್ಕು ಸಲ ಬಂದಿದ್ದವನು ಕ್ಯಾಸ್ಮಿರನ ಮನೆಗೆ ಮೂರು ತಿಂಗಳಲ್ಲಿ ಒಂಬತ್ತು ಸಲ ಹೋದ. ಜೀಪಿನಲ್ಲಿ ನನ್ನ ಪಕ್ಕ ಕೂತು, "ಕ್ಯಾಸ್ಮಿರ್‌ಗೆ ಏನು ಕೈ!" ಎನ್ನುತ್ತಿದ್ದ. "ಕ್ಯಾಸ್ಮಿರ್ ಹೇಳುತ್ತಾನೆ, ಅವರ ಹಿರಿಯರೂ ಯುದ್ಧಕಾಲದಲ್ಲಿ ಊರು ಬಿಟ್ಟು ಓಡಿ ಬಂದವರಂತೆ, ಯಾವೋರನ ಹಾಗೆಯೇ." ಯಾವೋರನ ಕಥೆಯನ್ನು ಮೂರು ವರ್ಷ ಕೇಳಿದವನು ನಾನು. ಯಾವೋರನ ಹಾಗೆ ಆದವನು ಕ್ಯಾಸ್ಮಿರ್.

"ಡಾಕ್ಟ್ರು ಬೇರೆ ಮನೆಯಲ್ಲಿ ಊಟ ಮಾಡಿದ್ರೆ ನಿಮಗೆಂತ ಅಜೀರ್ಣ, ಮಾರಾಯ್ರೆ?" ಎಂದಳು ವಸಂತಿ. "ನೀವೂ ಕರೀರಿ. ನಾನು ಕೋರಿ ರೊಟ್ಟಿ ಮಾಡ್ತೇನೆ."

ಕರೆದೆ. ಅವನಿಗೆ ಆ ಶುಕ್ರವಾರ ಕ್ಯಾಸ್ಮಿರನ ಮನೆಯಲ್ಲಿ ಕೆಲಸವಿತ್ತು.

ಏಪ್ರಿಲ್ ಮೊದಲ ವಾರ ಗ್ರೆಟ್ಟಾಳಿಗೆ ಹೆಣ್ಣುಮಗು ಹುಟ್ಟಿತು. ಕ್ಯಾಸ್ಮಿರ್ ಲ್ಯಾಬಿಗೆ ಲಾಡು ತಂದ.

"ಭೋಜಣ್ಣ, ಒಂದು ಖುಷಿಯ ವಿಷಯ ಗೊತ್ತುಂಟಾ? ಮಗುವಿನ ಜ್ಞಾನಸ್ನಾನ ಮೇ ಹನ್ನೆರಡಕ್ಕೆ. ಡಾಕ್ಟ್ರೇ ಗಾಡ್‌ಫಾದರ್. ಅವರದ್ದು ಬೇರೆ ಪಂಥ ಅಲ್ವಾ, ಹಾಗಾಗಿ ಇಗರ್ಜಿಯ ಪುಸ್ತಕದಲ್ಲಿ ಗಾಡ್‌ಫಾದರ್ ಅಂತ ಗ್ರೆಟ್ಟಾಳ ಅಣ್ಣ ಪಿಯುಸ್, ಸುವೈಕ್‌ನಿಂದ ಬರ್ತಾನೆ. ಡಾಕ್ಟ್ರು ಸಾಕ್ಷಿ. ಆದ್ರೆ ಮಗುವನ್ನು ಹಿಡ್ಕೊಳ್ಳುವುದು ಅವರೇ. ಅವರ ಕುಲದಲ್ಲಿ ಅದು ಭಾರೀ ದೊಡ್ಡದಂತಲ್ಲ?"

ದೊಡ್ಡದೇ. ಮಗುವಿನ ತಲೆಗೆ ನೀರು ಬೀಳುವಾಗ ಕೈಯಲ್ಲಿ ಹಿಡಿದವನೂ ಮಗುವಿನ ಅಪ್ಪನೂ ಒಡಹುಟ್ಟಿದವರಿಗಿಂತ ಹತ್ತಿರದವರಾಗುತ್ತಾರೆ, ಅವರ ಮಕ್ಕಳು ಮೊಮ್ಮಕ್ಕಳವರೆಗೂ ಆ ನಂಟು ಉಳಿಯುತ್ತದೆ ಎಂದು ನಾಲ್ಕನೆಯ ಅಧ್ಯಾಯದಲ್ಲಿತ್ತು. ಆ ಅಧ್ಯಾಯದ ಇಂಗ್ಲಿಷ್ ತಿದ್ದಿದವನು ನಾನು. ನಮ್ಮಲ್ಲಿ ಜ್ಞಾನಸ್ನಾನವಿಲ್ಲ. ನಮಗೆ ಮಕ್ಕಳೂ ಆಗಿರಲಿಲ್ಲ. ಲಾಡು ತಿಂದೆ. ಸಿಹಿ ಚೆನ್ನಾಗಿದೆ ಎಂದೆ.

ಆ ವಾರವೇ ನಾನು ಎರಡು ಪಟ್ಟಿಗಳನ್ನು ಎದುರಿಗಿಟ್ಟುಕೊಂಡು ಕೂತೆ. ರಾದೊವಾನನ ಚಿಕ್ಕಪ್ಪ, ಒಬ್ಬ ಶಾಲಾ ಮಾಸ್ತರು, ಹಳೆಯ ತುರ್ಕಿ ಆಡಳಿತದ ಮನೆಪಟ್ಟಿಗಳಿಂದ ಕುಲಕ್ಕೆ ಸಂಬಂಧಿಸಿದ ಸಾಲುಗಳನ್ನು ಅನುವಾದಿಸಿ ಕಳಿಸಿದ್ದರು. ಮೊದಲ ಪಟ್ಟಿಯಲ್ಲಿ ಹೀಗಿತ್ತು: ಮುದುಕ ಯಾವೋರ್, ಮಗ ವುಕ್, ಮಗ ಲೂಕಾ. ಮೂವತ್ತೆಂಟು ವರ್ಷಗಳ ನಂತರದ ಎರಡನೆಯ ಪಟ್ಟಿಯಲ್ಲಿ: ಯಾವೋರನ ಮಗ ವುಕ್, ಯಾವೋರನ ಮಗ ಲೂಕಾ, ಯೇಲಾಳ ಮಗ ಸ್ಟಾಂಕೊ, ಮದುವೆಯಾಗದ ತರುಣ. ಈ ಕೊನೆಯ ಸಾಲಿಗೆ ರಾದೊವಾನ್ ಅಡಿಟಿಪ್ಪಣಿ ಹಾಕಿದ್ದ: ಗುಮಾಸ್ತನ ಕೈತಪ್ಪು, ಯಾವೋರನ ಮಗ ಎಂದು ಓದಿಕೊಳ್ಳಬೇಕು.

ಸ್ಟಾಂಕೊ ಆಗ ತರುಣನೆಂದರೆ ಇಪ್ಪತ್ತೈದು ಎಂದಿಟ್ಟುಕೊಳ್ಳೋಣ. ಹಾಗಾದರೆ ಅವನು ಹುಟ್ಟಿದ್ದು ಮೊದಲ ಪಟ್ಟಿಯಾಗಿ ಹದಿಮೂರು ವರ್ಷದ ಮೇಲೆ. ಮೊದಲ ಪಟ್ಟಿಯಲ್ಲೇ ಮುದುಕನಾಗಿದ್ದ ಯಾವೋರನಿಗೆ ಆಗ ಎಪ್ಪತ್ತರ ಮೇಲೆ, ಅವನ ಹೆಂಡತಿಗೆ ಅರವತ್ತರ ಆಸುಪಾಸು. ಲೆಕ್ಕ ಹೊಂದುವುದಿಲ್ಲ. ಗುಮಾಸ್ತ ಸರಿಯಾಗಿ ಬರೆದಿದ್ದಾನೆ ಎಂದುಕೊಂಡರೆ ಎಲ್ಲವೂ ಒಂದೇ ಏಟಿಗೆ ಹೊಂದುತ್ತದೆ. ಅಣ್ಣಂದಿರು ಬೇರೆಯಾಗಿ ಹೋದರು. ಮಗಳು ಮನೆಯಲ್ಲೇ ಉಳಿದಳು. ಅವಳ ಗಂಡನನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮೂಲಮನೆಯ ಒಲೆ ಮಗಳ ಮಗನಿಗೆ ಬಂತು. ನನ್ನ ಊರಿನಲ್ಲಿ ಓದು ಬಾರದವರೂ ಈ ಸಾಲನ್ನು ನೋಡಿದ ಕೂಡಲೇ ಅರ್ಥ ಮಾಡಿಕೊಳ್ಳುತ್ತಿದ್ದರು. ಒಬ್ಬ ಮನುಷ್ಯನನ್ನು ತಾಯಿಯ ಹೆಸರಿನಿಂದ ಗುರುತಿಸಿದರೆ ನಮಗೆ ಅದು ತಪ್ಪೆಂದು ಹೊಳೆಯುವುದೇ ಇಲ್ಲ.

ನಾನು ಮೂರು ಸಲ ಲೆಕ್ಕ ಹಾಕಿದೆ. ಮೂರನೆಯ ಸಲಕ್ಕೆ ನನಗೆ ಆದದ್ದು ಸಂತೋಷ. ಹದಿನಾಲ್ಕು ಗಂಡಸರ ಸಾಲಿನ ಬುಡದಲ್ಲಿ ಒಬ್ಬಳು ಹೆಂಗಸು ಕೂತಿದ್ದಳು, ನನ್ನ ಅಕ್ಕು ಅಜ್ಜಿಯ ಹಾಗೆ.

ಆವತ್ತೇ ಎದ್ದು ರಾದೊವಾನನ ಕೋಣೆಗೆ ಹೋಗಿ ಬಾಗಿಲು ಹಾಕಿ ಹೇಳಬಹುದಿತ್ತು. ಎಂಟು ಹೆಜ್ಜೆ ದೂರ. ನಾನು ಹೋಗಲಿಲ್ಲ.

ಎರಡು ದಿನ ಕಳೆದು ಕ್ಯಾಸ್ಮಿರ್ ಪೆನ್ಸಿಲ್ ನಕ್ಷೆಯನ್ನು ನನ್ನ ಮೇಜಿನ ಮೇಲೆ ಹರಡಿದ. "ಭೋಜಣ್ಣ, ಇಂಕು ಮಾಡುವ ಮೊದಲು ಒಮ್ಮೆ ನೋಡಿ. ಡಾಕ್ಟ್ರು ನಿಮಗೇ ತೋರಿಸಲಿಕ್ಕೆ ಹೇಳಿದ್ದಾರೆ. ನೀವು ನೋಡಿದ್ರೆ ಅವರು ಮತ್ತೆ ನೋಡುವುದಿಲ್ಲವಂತೆ."

ನಾನು ಸ್ಟಾಂಕೊನ ಹೆಸರಿನಿಂದ ಯಾವೋರನಿಗೆ ಹೋದ ಗೆರೆಯನ್ನು ಅಳಿಸಿದೆ. ಬಲಗಡೆ ಯೇಲಾಳ ಹೆಸರು ಕೊಂಬೆಯಿಲ್ಲದೆ ನಿಂತಿತ್ತು. ಅವಳ ಕೆಳಗೆ ಗೆರೆ ಎಳೆದು ಸ್ಟಾಂಕೊನನ್ನೂ ಅವನ ಇಡೀ ಕವಲನ್ನೂ ಬಾಣ ಹಾಕಿ ಅಲ್ಲಿಗೆ ಸೇರಿಸಿದೆ.

ಕ್ಯಾಸ್ಮಿರ್ ಬಗ್ಗಿ ನೋಡಿದ. "ಇದೆಂತ, ಹೆಂಗಸಿನ ಕೆಳಗೆ ಬರ್ತದಾ ಇವರದ್ದು?"

"ಮೂಲದಲ್ಲಿ ಹಾಗೇ ಉಂಟು."

"ಡಾಕ್ಟ್ರಿಗೆ ಗೊತ್ತುಂಟಲ್ಲ?"

"ಪಟ್ಟಿ ಅವರೇ ಕೊಟ್ಟದ್ದು."

ಎರಡೂ ಉತ್ತರ ಸತ್ಯ. ನಕ್ಷೆಯ ಕೆಳಗೆ ಬಲಮೂಲೆಯಲ್ಲಿ ಎಲ್ಲ ಡ್ರಾಯಿಂಗ್‌ಗಳಲ್ಲಿರುವಂತೆ ಮೂರು ಚೌಕಗಳಿದ್ದವು: ಡ್ರಾನ್ ಬೈ, ಚೆಕ್ಡ್ ಬೈ, ಅಪ್ರೂವ್ಡ್ ಬೈ. ಕ್ಯಾಸ್ಮಿರ್ ಎರಡನೆಯದಕ್ಕೆ ಬೆರಳಿಟ್ಟ.

"ಇಲ್ಲಿ ನಿಮ್ಮ ಸೈನ್?"

"ಇಂಕು ಆಗಲಿ. ಮತ್ತೆ ಹಾಕುತ್ತೇನೆ."

ಇಂಕು ಆದಮೇಲೆ ಅವನು ಫಿಲ್ಮನ್ನು ಸುರುಳಿ ಸುತ್ತಿ ಎರಡು ಸಲ ಲ್ಯಾಬಿಗೆ ತಂದ. ಒಮ್ಮೆ ನನ್ನ ಕೈಯಲ್ಲಿ ಆಸಿಡ್ ಇತ್ತು. ಇನ್ನೊಮ್ಮೆ ನಾನು ಬೆಟ್ಟಕ್ಕೆ ಹೊರಟಿದ್ದೆ.

ಮೇ ಆರು, ಶನಿವಾರ. ಸಂಜೆ ಐದಕ್ಕೆ ರಾದೊವಾನ್ ತೆಂಗಿನ ತೋಟದ ಪಕ್ಕದ ತನ್ನ ಮನೆಯಲ್ಲಿ ಸಂತ ಜಾರ್ಜನ ಹಬ್ಬ ಇಟ್ಟುಕೊಂಡಿದ್ದ. ಮೇಜಿನ ಮೇಲೆ ಉದ್ದದ ಮೇಣದ ಬತ್ತಿ, ಬೇಯಿಸಿ ಜೇನು ಸೇರಿಸಿದ ಗೋಧಿಯ ಬಟ್ಟಲು. ನಾವು ಐದಾರು ಮನೆಯವರು, ಒಂದು ತಿಂಗಳ ಮಗುವನ್ನು ಎತ್ತಿಕೊಂಡು ಗ್ರೆಟ್ಟಾ, ಯೂಸುಫ್, ಮತ್ತು ರುಸ್ತಾಕ್ ಕಡೆ ರಸ್ತೆ ಕೆಲಸದಲ್ಲಿದ್ದ ಮಿಲೋವಾನ್ ಎಂಬ ಯುಗೊಸ್ಲಾವ್ ಎಂಜಿನಿಯರ್. ಅವನು ಅದೇ ಕುಲದವನು, ವುಕ್‌ನ ಕವಲಿನವನು, ಈ ಹಬ್ಬಕ್ಕೆಂದೇ ವಿಮಾನ ಹತ್ತಿ ಬಂದಿದ್ದ.

ವಸಂತಿ ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ನೋಡಿ, "ಎಂತ, ಮದುಮಗನ ಹಾಗೆ ಬಂದಿದ್ದೀರಿ?" ಎಂದು ಪಿಸುಗುಟ್ಟಿದಳು. ನಾನು ನಿಜಕ್ಕೂ ಎರಡನ್ನೂ ಒಟ್ಟಿಗೆ ಬಯಸಿದ್ದೆ: ಅವನು ನನ್ನನ್ನು ಆ ಬತ್ತಿಯ ಎದುರು ತಮ್ಮ ಎಂದು ಕರೆಯಬೇಕು, ಮತ್ತು ಕ್ಯಾಸ್ಮಿರನ ಮುಖವನ್ನೇ ನೋಡಲಾಗದಷ್ಟು ಅವನ ಮೇಲೆ ಸಿಟ್ಟಾಗಬೇಕು. ಇವೆರಡೂ ಒಂದೇ ಸಂಜೆ ಆಗಬಲ್ಲವು ಎಂದು ನಂಬಿದ್ದೆ. ವಿಜ್ಞಾನ ಓದಿದವನು.

ರಾದೊವಾನ್ ಬತ್ತಿ ಹಚ್ಚಿದ. "ಇವತ್ತು ಎರಡು ಸಂಗತಿಗಳಿವೆ," ಎಂದು ನನ್ನ ಕಡೆ ನೋಡಿ ನಕ್ಕ. "ಮೊದಲು ಕ್ಯಾಸ್ಮಿರ್ ಮಾಡಿದ್ದನ್ನು ನೋಡೋಣ."

ಫಿಲ್ಮನ್ನು ಗೋಡೆಗೆ ಹಿಡಿದು ಬಿಚ್ಚಿದರು. ಎಲ್ಲರೂ ಹೋ ಎಂದರು. ಅಷ್ಟು ಅಂದವಾಗಿತ್ತು. ಮಿಲೋವಾನ್ ಹತ್ತಿರ ಹೋಗಿ ಬೆರಳಿನಿಂದ ತನ್ನ ಕವಲನ್ನು ಹುಡುಕಿದ, ಆಮೇಲೆ ಬೆರಳು ಬಲಕ್ಕೆ ಸರಿಯಿತು. ಅವನು ಒಮ್ಮೆಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ತಮ್ಮ ಭಾಷೆಯಲ್ಲಿ ಏನೋ ಕೂಗಿದ. ನಮಗೆ ಅರ್ಥವಾಗದ್ದು ಕಂಡು ಇಂಗ್ಲಿಷಿನಲ್ಲಿ ಹೇಳಿದ: "ನಮ್ಮ ಅಜ್ಜಂದಿರು ಇದನ್ನೇ ಹೇಳುತ್ತಿದ್ದರು! ಹುಲ್ಲುಗಾವಲಿನಲ್ಲಿ ಜಗಳವಾದಾಗಲೆಲ್ಲ ಇವರನ್ನು ನೋಡಿ, ಯೇಲಾಳ ಮಂದಿ ಬಂದರು, ಯೇಲಾಳ ಮಂದಿ ಬಂದರು ಎಂದು ಕೂಗುತ್ತಿದ್ದರು. ಇವನ ಅಜ್ಜ ಅದಕ್ಕೆ ಒಬ್ಬನ ಹಲ್ಲು ಉದುರಿಸಿದ್ದ. ಈಗ ಇವನೇ ಬರೆಸಿ ಗೋಡೆಗೆ ಹಾಕಿದ್ದಾನೆ, ನೋಡಿ!"

ರಾದೊವಾನನ ಕಿವಿಗಳು ಕೆಂಪಾದವು. ಅವನು ಆ ಗೆರೆಯನ್ನು ನೋಡಿದ. "ಕ್ಯಾಸ್ಮಿರ್, ಇದನ್ನು ಹೀಗೆ ಮಾಡಲು ನಿನಗೆ ಹೇಳಿದವರು ಯಾರು?"

ಕ್ಯಾಸ್ಮಿರ್ ಒಂದು ಕ್ಷಣ ನನ್ನ ಕಡೆ ನೋಡಿದ. ನಾನು ಗೋಧಿಯ ಬಟ್ಟಲನ್ನು ನೋಡಿದೆ.

"ನಾನೇ ಎಳೆದದ್ದು, ಸರ್," ಎಂದ ಅವನು. "ತಪ್ಪಾಗಿದ್ರೆ ಬ್ಲೇಡಿನಲ್ಲಿ ಕೆರೆದು ತೆಗೀತೇನೆ. ನಾಳೆಯೇ ಸರಿ ಮಾಡ್ತೇನೆ."

 ರಾದೊವಾನನ ಕಣ್ಣು ಹಾಳೆಯ ಬಲಮೂಲೆಗೆ ಇಳಿಯಿತು. ಡ್ರಾನ್ ಬೈ, ಕ್ಯಾಸ್ಮಿರ್. ಚೆಕ್ಡ್ ಬೈ, ಖಾಲಿ. ಆ ಖಾಲಿ ಚೌಕವನ್ನು ಅವನು ಎಷ್ಟು ಹೊತ್ತು ನೋಡಿದನೆಂದರೆ ನನ್ನ ಕಂಕುಳು ಒದ್ದೆಯಾಯಿತು. ಆಮೇಲೆ ಫಿಲ್ಮನ್ನು ತಾನೇ ಸುತ್ತಿ ಕಪಾಟಿನ ಮೇಲಿಟ್ಟು, "ಊಟ ಮಾಡೋಣ," ಎಂದ. ಎರಡನೆಯ ಸಂಗತಿ ಏನೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನು ಸುರುಳಿ ಹಿಡಿದು ಲ್ಯಾಬಿಗೆ ಬಂದು ನನ್ನ ಮೇಜಿನ ಮೇಲೆ ಬಿಚ್ಚಿದ. ನಾಲ್ಕು ಮೂಲೆಗೆ ನಾಲ್ಕು ಬಾಟಲಿ ಇಟ್ಟ.

"ನೀನು ಇದನ್ನು ನೋಡಿದ್ದೆಯಾ?"

"ನೋಡಿದ್ದೆ."

"ಸರಿ ಇದೆಯಾ?"

ಎರಡು ಪಟ್ಟಿಗಳ ವಿಷಯ, ಮೂವತ್ತೆಂಟು ವರ್ಷ, ತಾಯಿಯ ವಯಸ್ಸು, ಎಲ್ಲವನ್ನೂ ಹೇಳಿದೆ. ನಮ್ಮಲ್ಲಿ ಇದು ನಾಚಿಕೆಯ ಸಂಗತಿಯಲ್ಲ, ನಾನೂ ಸುಂದರಿಯ ಮಗನೇ ಎಂದೆ. ಅವನು ಅಡ್ಡ ಬಾರದೆ ಪೂರ್ತಿ ಕೇಳಿದ.

"ಸರಿಯಾಗಿಯೇ ಇದೆ," ಎಂದ ಕೊನೆಗೆ. "ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ನನಗೆ ಅದೊಂದು ಹೆದರಿಕೆ ಇತ್ತು. ಗುಮಾಸ್ತ ತಪ್ಪಿದ್ದಾನೆ ಎಂದು ಬರೆಯುವಾಗಲೂ ಇತ್ತು. ನಿಮ್ಮಲ್ಲಿ ನಾಚಿಕೆ ಅಲ್ಲ, ಒಪ್ಪಿದೆ. ನಮ್ಮಲ್ಲಿ ಏನು ಎಂದು ನಿನಗೆ ಗೊತ್ತಿತ್ತು. ನಾನು ಹೇಳಿದ್ದೆ."

"ಹೌದು, ನೀನು ಹೇಳಿದ್ದೆ. ಎರಡು ಸಲ."

"ಮೂರು ವರ್ಷದಲ್ಲಿ ನೀನು ಸಹಿ ಇಲ್ಲದ ಒಂದು ಹಾಳೆಯನ್ನೂ ನನಗೆ ಕಳಿಸಿಲ್ಲ, ಭೋಜ್. ನಿನ್ನೆ ಆ ಚೌಕ ಖಾಲಿ ಇದ್ದದ್ದನ್ನು ನೋಡಿದಾಗ ಎಲ್ಲ ತಿಳಿಯಿತು."

ನಾನು ಪೆನ್ನು ತೆಗೆದೆ. ಮುಚ್ಚಳ ಬಿಚ್ಚಿ ಚೌಕದ ಮೇಲೆ ಬಗ್ಗಿದೆ. ಅವನು ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟ. ಫಿಲ್ಮು ತಾನಾಗಿಯೇ ನನ್ನ ಕೈಯಡಿಯಿಂದ ಸುರುಳಿ ಸುತ್ತಿಕೊಂಡಿತು.

"ಬೇಡ," ಎಂದ. "ಅದು ಹಾಗೆಯೇ ಇರಲಿ."

ಮೇ ಹನ್ನೆರಡರಂದು ಇಗರ್ಜಿಯಲ್ಲಿ ಮಗುವಿಗೆ ಇಸಾಬೆಲ್ಲಾ ಎಂದು ಹೆಸರಿಟ್ಟರು. ರಾದೊವಾನ್ ಮಗುವನ್ನು ತೋಳಿನಲ್ಲಿ ಹಿಡಿದಿದ್ದ, ಬಹಳ ಜಾಗ್ರತೆಯಿಂದ. ನಾನು ಹಿಂದಿನಿಂದ ನಾಲ್ಕನೆಯ ಬೆಂಚಿನಲ್ಲಿದ್ದೆ. ಇನ್ನೂ ಒಂದು ವರ್ಷ ನಾವಿಬ್ಬರೂ ಬೆಟ್ಟಕ್ಕೆ ಹೋದೆವು, ಬಾಟಲಿಗಳನ್ನು ಮೂರು ಮೂರು ಸಲ ತೊಳೆದೆವು. ಅವನು ಮಳೆ, ಕಲ್ಲು, ನೀರಿನ ವಿಷಯ ಮಾತಾಡುತ್ತಿದ್ದ. ಯಾವೋರನ ವಿಷಯ ಎತ್ತಲಿಲ್ಲ. ಮೇ ತಿಂಗಳು ಬಂದು ಹೋಯಿತು. ಆ ಬೇಸಿಗೆಯಲ್ಲಿ ಗುತ್ತಿಗೆ ಮುಗಿದು ಊರಿಗೆ ಹೋದ. ಆಮೇಲೆ ಅವನ ದೇಶವೇ ಒಡೆದು ಯುದ್ಧವಾಯಿತು. ಕ್ಯಾಸ್ಮಿರನಿಗೆ ಬರುತ್ತಿದ್ದ ಕಾಗದಗಳೂ ನಿಂತವು. ಕಾಗದ ಬರುತ್ತಿದ್ದದ್ದು ಕ್ಯಾಸ್ಮಿರನಿಗೆ.

1993ರ ನವೆಂಬರಿನಲ್ಲಿ ಕ್ಯಾಸ್ಮಿರ್ ಫೋನು ಮಾಡಿದ. "ಭೋಜಣ್ಣ, ಡಾಕ್ಟ್ರ ಪುಸ್ತಕ ಬಂದಿದೆ. ವಿಯೆನ್ನಾದಲ್ಲಿ ಯಾರೋ ನೆಂಟರ ಕೈಯಲ್ಲಿ ಪೋಸ್ಟ್ ಮಾಡಿಸಿದ್ದು. ವಸಂತಿ ಅಕ್ಕನನ್ನು ಕರ್ಕೊಂಡು ಊಟಕ್ಕೇ ಬನ್ನಿ."

ಪುಸ್ತಕ ಅವರ ಭಾಷೆಯಲ್ಲಿತ್ತು. ಓದಲಾಗುವುದಿಲ್ಲ. ಆದರೂ ನಾನು ಮುನ್ನುಡಿಯ ಪುಟಗಳಲ್ಲಿ ನನ್ನ ಹೆಸರಿನ ಅಕ್ಷರಗಳನ್ನು ಹುಡುಕಿದೆ, ಎಲ್ಲರೆದುರು, ನಾಚಿಕೆಯಿಲ್ಲದೆ. ಇರಲಿಲ್ಲ. ಕ್ಯಾಸ್ಮಿರನದ್ದು ಎರಡು ಕಡೆ ಇತ್ತು.

"ಕೊನೆಗೆ ನೋಡಿ," ಎಂದ ಅವನು.

ಕೊನೆಯಲ್ಲಿ ಮಡಚಿದ ದೊಡ್ಡ ಹಾಳೆ. ಬಿಚ್ಚಿದೆ. ಅದೇ ನಕ್ಷೆ, ಚಿಕ್ಕದಾಗಿ ಅಚ್ಚಾಗಿತ್ತು. ಬ್ಲೇಡಿನಿಂದ ಏನನ್ನೂ ಕೆರೆದಿರಲಿಲ್ಲ. ಯೇಲಾ, ಅವಳ ಕೆಳಗೆ ಸ್ಟಾಂಕೊ, ಅಲ್ಲಿಂದ ರಾದೊವಾನನವರೆಗೆ ತುಂಡಾಗದ ಗೆರೆ. ಮೂಲೆಯ ಚೌಕಗಳೂ ಬಂದಿದ್ದವು. ನಡುವಿನದು ಖಾಲಿ.

"ಆ ದಿನ ಡಾಕ್ಟ್ರು ಕೇಳುವಾಗ ನಿಮ್ಮ ಹೆಸರು ನನ್ನ ಬಾಯಿಯವರೆಗೆ ಬಂದಿತ್ತು, ಭೋಜಣ್ಣ," ಎಂದ ಕ್ಯಾಸ್ಮಿರ್, ಮೆಲ್ಲಗೆ. "ನಿಮಗೆ ಡಾಕ್ಟ್ರಂದ್ರೆ ಜೀವ ಅಂತ ನನಗೆ ಗೊತ್ತುಂಟಲ್ಲ. ಹಾಗೆ ನುಂಗಿದೆ." ಅವನು ಶೆಲ್ಫಿನಿಂದ ತನ್ನ ಸಣ್ಣ ಮೊನೆಯ ಇಂಕಿನ ಪೆನ್ನು ತಂದ. "ನೀವು ಚೆಕ್ ಮಾಡಿದ್ದು ಸತ್ಯ ಅಲ್ವಾ? ನನ್ನ ಕಾಪಿಯಲ್ಲಾದ್ರೂ ಒಂದು ಸೈನ್ ಹಾಕಿ. ಖಾಲಿ ಬಾಕ್ಸ್ ನೋಡಿದ್ರೆ ನನಗೆ ಒಂಥರಾ ಆಗ್ತದೆ."

"ಮೊದಲು ಇನ್ನೊಮ್ಮೆ ನೋಡುತ್ತೇನೆ," ಎಂದೆ.

"ಊಟ ತಣಿಯುತ್ತದೆ," ಎಂದಳು ವಸಂತಿ. ನಾನು ಯಾವೋರನಿಂದ ಶುರುಮಾಡಿ ಒಂದೊಂದೇ ಹೆಸರಿಗೆ ಬೆರಳಿಟ್ಟು ಕೆಳಗಿಳಿದೆ. ವುಕ್‌ನ ಕವಲು ಸರಿ. ಲೂಕಾನದ್ದು ಸರಿ. ಸ್ಟಾಂಕೊನ ಕವಲಿನಲ್ಲಿ ಕೊನೆಯ ಮಂಡಿಯವರೆಗೂ ಸರಿ. ಅಲ್ಲಿ ರಾದೊವಾನನ ಹೆಸರಿನ ಪಕ್ಕದಲ್ಲಿ, ಅಚ್ಚಿನಲ್ಲಿ ಅಲ್ಲ, ಅವನದೇ ಕೈಬರಹದ ನೀಲಿ ಶಾಯಿಯಲ್ಲಿ ಒಂದು ಜೋಡಿಗೆರೆ ಎಳೆದಿತ್ತು. ಅದರ ತುದಿಯಲ್ಲಿ ಕ್ಯಾಸ್ಮಿರ್. ಅವನ ಕೆಳಗೆ ಇಸಾಬೆಲ್ಲಾ, ಸಲಾಲಾ, 1989.

ನಾಲ್ಕು ವರ್ಷದ ಹಳೆಯ ಉರಿ ಅದೇ ಜಾಗದಲ್ಲಿ, ಅಷ್ಟೇ ಬಿಸಿಯಾಗಿ ಎದ್ದಿತು. ಬೆರಳು ಆ ಹೆಸರಿನ ಮೇಲೆಯೇ ನಿಂತಿತು. ಆ ಗೆರೆಯಲ್ಲಿ ತಪ್ಪೇನಾದರೂ ಇದೆಯೇ ಎಂದು ನೋಡಿದೆ. ಮಗುವನ್ನು ಹಿಡಿದವನು ಅವನು. ಜಾಗ ಸರಿ. ವರ್ಷ ಸರಿ. ನಾನೇ ಅಲ್ಲಿದ್ದೆ, ನಾಲ್ಕನೆಯ ಬೆಂಚಿನಲ್ಲಿ.

ಇಸಾಬೆಲ್ಲಾ ಮೇಜಿನ ಅಂಚಿಗೆ ಗದ್ದ ಊರಿ ನನ್ನ ಕೈಯ ಪೆನ್ನನ್ನೇ ನೋಡುತ್ತಿದ್ದಳು.

"ಡೋಂಟ್ ರೈಟ್ ಇನ್ ಇಟ್, ಅಂಕಲ್. ಇಟ್ಸ್ ಡ್ಯಾಡೀಸ್ ಬುಕ್."

"ಒಂದೇ ಕಡೆ, ಪುಟ್ಟ," ಎಂದೆ.

ನಕ್ಷೆ ಸರಿಯಾಗಿತ್ತು. ಚೌಕದೊಳಗೆ ನನ್ನ ಹೆಸರಿನ ಮೊದಲಕ್ಷರಗಳನ್ನು ಹಾಕಿ, ಕೆಳಗೆ ಆ ದಿನದ ತಾರೀಖನ್ನು ಬರೆದೆ.